ನಾಲ್ಕನೆಯ ಬಿಲ್ಲೆ

ಆ ಚಳಿಗಾಲ ಕೋಲ್ಡ್‌ವೆಲ್ ಹ್ಯಾರಿಯರ್ಸ್ ಎಂಬ ಓಟದ ಕ್ಲಬ್ಬಿನಲ್ಲಿ ಹದಿಮೂರು ತುಂಬದ ಹುಡುಗಿಯರಲ್ಲಿ ಸ್ಪರ್ಧೆಗೆ ಇಳಿಯುವವರು ಮೂವರೇ ಇದ್ದರು. ಮೂವರೂ ಚೆನ್ನಾಗಿ ಓಡುವವರು. ರೋಸಿ ಎಂಬವಳಂತೂ ಬರ್ಮಿಂಗ್‌ಹ್ಯಾಮಿನ ಸುತ್ತಿನ ಹುಡುಗಿಯರಲ್ಲೆಲ್ಲ ಮುಂದು. ನವೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಮೊದಲಿಗಳಾಗಿ ಬಂದಿದ್ದಳು. ಆದರೂ ಎರಡು ಸಲವೂ ಮೈಕಿನಲ್ಲಿ ಫಲಿತಾಂಶ ಓದುವವರು ಉಳಿದ ತಂಡಗಳ ಹೆಸರೆಲ್ಲ ಹೇಳಿ ಮುಗಿಸಿ, ಒಂದು ಉಸಿರು ಎಳೆದುಕೊಂಡು, "ಕೋಲ್ಡ್‌ವೆಲ್, ಅಪೂರ್ಣ" ಎಂದಿದ್ದರು.

ಕ್ರಾಸ್ ಕಂಟ್ರಿ ಓಟದ ಧರ್ಮ ಹಾಗೆ. ಅಲ್ಲಿ ಟ್ರ್ಯಾಕ್ ಇಲ್ಲ, ನೆಲ ಹೇಗಿದೆಯೋ ಹಾಗೆ ಓಡಬೇಕು. ಕೆಸರಿದ್ದರೆ ಕೆಸರಲ್ಲಿ, ದಿಣ್ಣೆಯಿದ್ದರೆ ದಿಣ್ಣೆಯ ಮೇಲೆ. ಎಷ್ಟನೆಯವರಾಗಿ ಬಂದರೋ ಅದೇ ಅವರ ಅಂಕ. ಹುಡುಗಿಯರಲ್ಲಿ ಪ್ರತಿ ತಂಡದ ಮೊದಲ ನಾಲ್ವರ ಅಂಕ ಕೂಡಿಸುತ್ತಾರೆ, ಕಡಿಮೆ ಬಂದವರು ಮೇಲು. ನಾಲ್ಕನೆಯವಳು ತೆವಳಿಕೊಂಡು ಬಂದರೂ ತಂಡ ಉಂಟು. ಅವಳು ಬರಲೇ ಇಲ್ಲವೆಂದರೆ, ಮುಂದಿನ ಮೂವರು ಗಾಳಿಯ ಹಾಗೆ ಓಡಿದ್ದರೂ ತಂಡವಿಲ್ಲ.

ಮಕ್ಕಳಿಗೆ ಓಟ ಕಲಿಸುವ ಡೆರೆಕ್ ಅವರಿಗೆ ಆ 'ಅಪೂರ್ಣ' ಎಂಬ ಮಾತು ಹಲ್ಲಿಗೆ ಸಿಕ್ಕ ನಾರಿನ ಹಾಗಿತ್ತು. ಎಪ್ಪತ್ತು ದಾಟಿದ ಮನುಷ್ಯ; ಬರ್ಮಿಂಗ್‌ಹ್ಯಾಮಿನ ಹಳಬರ ರೂಢಿಯಂತೆ ಹುಡುಗಿಯರನ್ನೆಲ್ಲ 'ಬ್ಯಾಬ್' ಎಂದು ಕರೆಯುವವರು, ನಮ್ಮಲ್ಲಿ 'ಪುಟ್ಟಿ' ಅಂದ ಹಾಗೆ. ಮಂಗಳವಾರದ ಅಭ್ಯಾಸದಲ್ಲಿ ಎಲ್ಲರ ಹಿಂದೆ ಹರಟಿಕೊಂಡು ಓಡುವ ಒಬ್ಬ ಹುಡುಗಿಯ ಮೇಲೆ ಅವರ ಕಣ್ಣು ಬಿತ್ತು.

ಅವಳು ಭಾವನಾ. ಸೊಲಿಹಲ್‌ನಲ್ಲಿ ಮನೆ. ಅಪ್ಪ ಪ್ರಭಾಕರ ಕಾರು ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದ ಮೇಲೆ ಕ್ಲಬ್ಬಿಗೆ ಸೇರಿದವನು, ಮಗಳನ್ನೂ ಕಾರಿನಲ್ಲಿ ಹಾಕಿಕೊಂಡು ಬರುತ್ತಿದ್ದ. ಭಾವನಾಗೆ ಅಭ್ಯಾಸ ಇಷ್ಟ, ಗೆಳತಿಯರು ಇಷ್ಟ, ಸ್ಪರ್ಧೆ ಮಾತ್ರ ಬೇಡ. ಶಾಲೆಯ ಸ್ಪೋರ್ಟ್ಸ್ ಡೇಯಲ್ಲಿ ಅವಳು ಕೊನೆಯವಳಾಗಿ ಬರುವಾಗ ಉಳಿದವರೆಲ್ಲ ಚಪ್ಪಾಳೆ ತಟ್ಟುತ್ತ ಕಾದಿದ್ದರು. ಪಾಪ ಎನ್ನುವ ಚಪ್ಪಾಳೆಯ ಸದ್ದೇ ಬೇರೆ. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ.

"ನಾನು ಕೊನೆ ಬರ್ತೀನಿ," ಅಂದಳು ಅವಳು ಡೆರೆಕ್ ಅವರಿಗೆ.

"ಕೊನೆ ಬಾ ಬ್ಯಾಬ್," ಅಂದರು ಅವರು. "ಆದರೆ ಬಾ."

ಆ ಮಾತನ್ನು ಭಾವನಾ ಮನೆಗೆ ಒಯ್ದು ಅಜ್ಜಿಯ ಮುಂದಿಟ್ಟಳು. ಪ್ರಭಾಕರನ ತಾಯಿ ಸೀತಾಲಕ್ಷ್ಮಮ್ಮ ನಾಗಮಂಗಲದ ಕಡೆಯವರು. ಮಗನ ಮನೆಗೆ ಬಂದು ಎಂಟು ವರ್ಷವಾಗಿತ್ತು. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದುದು 'ಥ್ಯಾಂಕ್ಯೂ', 'ಸಾರಿ', 'ಕೋಲ್ಡ್'. ಈ ದೇಶದಲ್ಲಿ ಬಾಳುವುದಕ್ಕೆ ಅಷ್ಟು ಸಾಕು ಎಂಬುದು ಅವರ ಅನುಭವ. ಭಾವನಾ ಇಲ್ಲೇ ಹುಟ್ಟಿದವಳು; ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅಜ್ಜಿಗಾಗಿ ಮಾತ್ರ ಕನ್ನಡ ಹುಡುಕಿಕೊಳ್ಳುತ್ತಿದ್ದಳು.

"ನಾಲ್ಕ್ ಜನ ಬೇಕು ಅಜ್ಜಿ. ಮೂರೇ ಜನ ಇರೋದು. ನಾನು ಸ್ಲೋ. ಆದ್ರೂ ನಾನು ಬಂದ್ರೆ ಟೀಮ್ ಆಗತ್ತೆ. ಬರ್ದೆ ಇದ್ರೆ ಇಲ್ಲ."

ಅಜ್ಜಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. "ಪಲ್ಲಕ್ಕಿ ಹೊರೋಕೂ ನಾಲ್ಕು ಜನ ಬೇಕು, ಹೆಣ ಹೊರೋಕೂ ನಾಲ್ಕು ಜನ ಬೇಕು. ಮುಂದಿರೋರ ಮುಖ ಊರೆಲ್ಲ ನೋಡುತ್ತೆ. ಹಿಂದಿರೋನು ಹೆಗಲು ಕೊಡದೆ ಹೋದ್ರೆ ಸ್ವಾಮಿ ನೆಲಕ್ಕೆ ಬೀಳ್ತಾನೆ. ಹೋಗಿ ಓಡು."

"ಅತ್ತೆ, ಮಗು ಮುಂದೆ ಹೆಣದ ಮಾತು ಯಾಕೆ," ಅಂದಳು ಸೊಸೆ ವಸುಂಧರಾ ಒಲೆಯ ಮುಂದಿನಿಂದ.

"ಯಾಕೆ, ಈ ದೇಶದಲ್ಲಿ ಜನ ಸಾಯಲ್ವಾ?"

ಭಾವನಾ ನಕ್ಕಳು. ಮರುದಿನ ಡೆರೆಕ್ ಅವರಿಗೆ ಬರುತ್ತೇನೆಂದು ಹೇಳಿಬಿಟ್ಟಳು. ಹೇಳಿದ ಮೇಲೆ ವಾರವೆಲ್ಲ ಅವಳಿಗೆ ಒಂದೇ ಯೋಚನೆ. ಅರ್ಧಕ್ಕೆ ನಿಂತುಬಿಟ್ಟರೆ ಇನ್ನೊಂದು ಸಲ ಅದೇ 'ಅಪೂರ್ಣ'. ಈ ಸಲ ಅದಕ್ಕೆ ಕಾರಣ ಅವಳು.

ಫೆಬ್ರವರಿಯ ಶನಿವಾರ. ಆ ಋತುವಿನ ಕೊನೆಯ ಓಟ. ಊರಿನ ಅಂಚಿನಲ್ಲಿ ಒಂದು ದೊಡ್ಡ ಪಾರ್ಕು, ಅದರ ನಡುವೆ ಒಂದು ದಿಣ್ಣೆ, ದಿಣ್ಣೆಯ ಈಚೆ ಕ್ಲಬ್ಬುಗಳ ಡೇರೆಗಳು, ಆಚೆ ಕಾರು ನಿಲ್ಲಿಸಲು ಬಿಟ್ಟ ಹುಲ್ಲುಗಾವಲು. ರಾತ್ರಿ ಮಳೆ ಬಂದು ನೆಲ ಕಲಸಿಟ್ಟ ರಾಗಿ ಹಿಟ್ಟಿನ ಹಾಗಾಗಿತ್ತು. ಮೊದಲು ಮಕ್ಕಳ ಓಟಗಳು, ಆಮೇಲೆ ಹೆಂಗಸರದು, ಕೊನೆಗೆ ಗಂಡಸರದು.

ಸೀತಾಲಕ್ಷ್ಮಮ್ಮ ಸೀರೆಯ ಮೇಲೆ ಮಗನ ಹಳೆಯ ದಪ್ಪ ಕೋಟು ಹಾಕಿ, ತಲೆಗೆ ಉಣ್ಣೆ ಟೋಪಿ, ಕಾಲಿಗೆ ಮೊಳಕಾಲುದ್ದದ ರಬ್ಬರ್ ಬೂಟು ತೊಟ್ಟು ಡೇರೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ಪುಳಿಯೋಗರೆಯ ದೊಡ್ಡ ಡಬ್ಬಿ. ಕೋಲ್ಡ್‌ವೆಲ್ ಡೇರೆಯಲ್ಲಿ ಹುಳಿಯನ್ನ ಸಿಗುತ್ತದೆ ಎಂಬ ಸುದ್ದಿ ಬೇರೆ ಕ್ಲಬ್ಬುಗಳಿಗೂ ಮುಟ್ಟಿತ್ತು. ಓಟಕ್ಕೆ ಮುಂಚೆ ತಿನ್ನಬಾರದು ಎಂದು ಗೊತ್ತಿದ್ದವರೂ ಬಂದು ವಾಸನೆ ನೋಡಿ ಹೋಗುತ್ತಿದ್ದರು.

ಓಟಕ್ಕೆ ಮುಂಚೆ ಡೆರೆಕ್ ಹುಡುಗಿಯರನ್ನು ಹತ್ತಿರ ಕರೆದು ಹೇಳಿದರು: "ಗೆರೆ ದಾಟಿದ ಮೇಲೆ ಹಗ್ಗ ಕಟ್ಟಿದ ಓಣಿಯೊಳಗೆ ಬಂದ ಸಾಲಿನಲ್ಲೇ ನಡೀರಿ. ಕೊನೆಯಲ್ಲಿ ಒಬ್ಬರು ನಂಬರಿನ ಬಿಲ್ಲೆ ಕೊಡ್ತಾರೆ. ನೇರ ತಂದು ನನ್ನ ಕೈಗೆ ಹಾಕಿ. ನಾಲ್ಕು ಬಿಲ್ಲೆ ಕವರಿನಲ್ಲಿ ಹಾಕಿ ನಾನು ರೆಫರಿಗೆ ಕೊಡಬೇಕು. ಬಿಲ್ಲೆ ಇಲ್ಲದವರು ಓಡಿಲ್ಲ ಅಂತಲೇ ಲೆಕ್ಕ." ಬೇರೆ ಕಡೆ ಗೆರೆ ದಾಟಿದ್ದನ್ನು ತಾನೇ ಗುರುತಿಸುವ ಚಿಪ್ ಕಾಲಿಗೆ ಕಟ್ಟಿ ಓಡಿಸುವ ಕಾಲ ಬಂದಿತ್ತು, ಈ ಲೀಗಿನವರು ಹಳೆಯ ಪದ್ಧತಿ ಬಿಟ್ಟಿರಲಿಲ್ಲ.

ಈ ಮಾತು ಕೇಳಿದವರು ಮೂವರು. ಭಾವನಾ ಆಗ ಟಾಯ್ಲೆಟ್ಟಿನ ಉದ್ದ ಕ್ಯೂನಲ್ಲಿ, ಹೆದರಿಕೆಯಿಂದ ಕಾಲು ಬದಲಾಯಿಸುತ್ತ ನಿಂತಿದ್ದಳು.

ಶಿಳ್ಳೆ ಊದಿದೊಡನೆ ಬಣ್ಣ ಬಣ್ಣದ ಬನಿಯನ್ನುಗಳು ಹರಡಿದ ಕಾಳಿನ ಹಾಗೆ ಮೈದಾನಕ್ಕೆ ಚೆಲ್ಲಿದವು. ಸ್ವಲ್ಪ ಹೊತ್ತಿಗೆ ಭಾವನಾಳ ಸುತ್ತ ಜಾಗ ಖಾಲಿಯಾಯಿತು. ರೋಸಿಯ ಹಸಿರು ಬನಿಯನ್ನು ದಿಣ್ಣೆಯ ಮೇಲೆ ಒಂದು ಚುಕ್ಕಿಯಾಗಿ ಕಂಡು ಮರೆಯಾಯಿತು. ಕೆಸರು ಒಂದೊಂದು ಹೆಜ್ಜೆಗೂ ಶೂವನ್ನು ಹಿಡಿದುಕೊಂಡು, ಯೋಚಿಸಿ, ಬಿಡುತ್ತಿತ್ತು. ಮೊದಲ ಸಲ ದಿಣ್ಣೆ ಹತ್ತಿದಾಗ ಪಕ್ಕೆ ಹಿಡಿಯಿತು. ಎರಡನೆಯ ಸಲ ಅದೇ ದಿಣ್ಣೆಯ ಬುಡಕ್ಕೆ ಬಂದಾಗ ಮುಂದೆ ಹೋಗುತ್ತಿದ್ದವಳೊಬ್ಬಳು ಹಗ್ಗ ನುಸುಳಿ ಆಚೆ ಹೋಗಿ, ಅಮ್ಮನ ಎದೆಗೆ ಮುಖವಿಟ್ಟು ಅತ್ತಳು. ಅಷ್ಟು ಸುಲಭವಾಗಿತ್ತು ಆಚೆ ಹೋಗುವುದು. ಹಗ್ಗ ಸೊಂಟದೆತ್ತರವೂ ಇರಲಿಲ್ಲ.

ಭಾವನಾ ಹಗ್ಗ ನೋಡಲಿಲ್ಲ. ನಡೆದಳು, ಮತ್ತೆ ಓಡಿದಳು, ಮತ್ತೆ ನಡೆದಳು. ದಿಣ್ಣೆ ಇಳಿದು ಕೊನೆಯ ನೇರ ದಾರಿಗೆ ತಿರುಗಿದಾಗ ಅವಳ ಹೆಸರು ಕೇಳಿಸಿತು. ರೋಸಿ ಮತ್ತು ಇನ್ನಿಬ್ಬರು, ಎಂದೋ ಓಟ ಮುಗಿಸಿ ಕೋಟು ಕೂಡ ಹಾಕದೆ, ಹಗ್ಗದ ಮೇಲೆ ಬಗ್ಗಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಅದು ಪಾಪ ಎನ್ನುವ ಕೂಗಲ್ಲ. ನೀನು ಬೇಕು ಎನ್ನುವ ಕೂಗು. ಮುಂದೆ ಬಿಳಿ ಬನಿಯನ್ನಿನ ಹುಡುಗಿಯೊಬ್ಬಳಿದ್ದಳು. ಗೆರೆಗೆ ಇನ್ನು ಹತ್ತು ಮಾರು ಇರುವಾಗ ಭಾವನಾ ಅವಳನ್ನು ದಾಟಿದಳು. ಜೀವನದಲ್ಲಿ ಅವಳು ಓಟದಲ್ಲಿ ದಾಟಿದ ಮೊದಲ ವ್ಯಕ್ತಿ ಆ ಹುಡುಗಿಯೇ.

ಹಗ್ಗದ ಓಣಿಯ ತುದಿಯಲ್ಲಿ ಯಾರೋ ಒಬ್ಬರು ತಂತಿಗೆ ಪೋಣಿಸಿದ ಬಿಲ್ಲೆಗಳಿಂದ ಒಂದನ್ನು ಕಳಚಿ ಅವಳ ಅಂಗೈಗೆ ಹಾಕಿದರು. ಕೆಂಪು ಬಿಲ್ಲೆ, ಮೇಲೆ ಐವತ್ತೆಂಟು ಎಂಬ ಅಂಕಿ. ಎದುರಿಗೇ ಅಜ್ಜಿ ನಿಂತಿದ್ದರು. ಓಟ ಮುಗಿಸಿದವರ ಸಾಲು ಎಲ್ಲಿ ಹೊರಬೀಳುತ್ತದೆ ಎಂದು ನೋಡಿಕೊಂಡು, ಜನರನ್ನು 'ಸಾರಿ, ಸಾರಿ' ಎಂದು ಸರಿಸಿ, ಅಲ್ಲಿಗೇ ಬಂದು ನಿಂತಿದ್ದರು.

"ಅಜ್ಜಿ, ಬಂದೆ," ಅಂದಳು ಭಾವನಾ. "ಇದು ಸಿಕ್ತು." ಬಿಲ್ಲೆಯನ್ನು ಅಜ್ಜಿಯ ಕೈಗೆ ಕೊಟ್ಟಳು. ಆ ಮನೆಯಲ್ಲಿ ಏನು ಸಿಕ್ಕರೂ ಮೊದಲು ಕೊಡುವುದು ಆ ಕೈಗೇ.

ಸೀತಾಲಕ್ಷ್ಮಮ್ಮ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡರು. "ನಿನ್ನ ಕಾಲು ದುಡಿದ ಮೊದಲ ಫಲ ಕೂಸೇ. ಇದು ಮೀಸಲು."

ಮೀಸಲು ಎಂದರೆ ದೇವರಿಗೆ ಎತ್ತಿಟ್ಟ ಮೊದಲ ಪಾಲು. ಊರಲ್ಲಿ ಹೊಸ ರಾಗಿಯ ಮೊದಲ ಮೊರ, ಕರು ಹಾಕಿದ ಎಮ್ಮೆಯ ಮೊದಲ ತುಪ್ಪ, ಬಳ್ಳಿಯ ಮೊದಲ ಹೀರೇಕಾಯಿ ಮನೆಯವರ ಬಾಯಿಗೆ ಹೋಗುವಂತಿರಲಿಲ್ಲ. ಸೊಲಿಹಲ್ಲಿನ ಹಿತ್ತಲಲ್ಲೂ ಅವರು ಆ ಪದ್ಧತಿ ಬಿಟ್ಟಿರಲಿಲ್ಲ. ಬೇಸಿಗೆಯ ಮೊದಲ ಟೊಮೇಟೊ ದೇವರ ಗೂಡಿನಲ್ಲಿ ಕೂತು ಸುಕ್ಕಾದ ಮೇಲೆಯೇ ಎರಡನೆಯದಕ್ಕೆ ಬಿಡುಗಡೆ. ಶನಿವಾರ ತಿಮ್ಮಪ್ಪನ ದಿನ ಬೇರೆ. ಹುಡುಗಿಯರ ಓಟ ಮುಗಿದೊಡನೆ ವಸುಂಧರಾ ಅವರನ್ನು ಬಾಲಾಜಿ ಗುಡಿಗೆ ಕರೆದುಕೊಂಡು ಹೋಗಿ, ಗಂಡಸರ ಓಟದ ಹೊತ್ತಿಗೆ ವಾಪಸು ಕರೆತರುವುದೆಂದು ಮೊದಲೇ ಮಾತಾಗಿತ್ತು. ಹುಂಡಿಗೆ ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದುಕೊಂಡು ಬಿಲ್ಲೆಯನ್ನು ಸೆರಗಿನ ತುದಿಯಲ್ಲಿಟ್ಟು, ಮೂರು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿದರು. ಅಷ್ಟರಲ್ಲಿ ಮೂವರು ಹುಡುಗಿಯರು ಬಂದು ಭಾವನಾಳನ್ನು ಅಪ್ಪಿಕೊಂಡು ಎತ್ತಿಕೊಂಡು ಹೋದರು. ಅಜ್ಜಿ ಸೊಸೆಯ ಜೊತೆ ದಿಣ್ಣೆಯ ಬಳಸುದಾರಿ ಹಿಡಿದು ಕಾರಿನ ಕಡೆ ಹೋದರು.

ಡೇರೆಯಲ್ಲಿ ಡೆರೆಕ್ ಅಂಗೈ ಚಾಚಿ ನಿಂತಿದ್ದರು. ಮೂರು ಬಿಲ್ಲೆ ಅದರಲ್ಲಿ ಬಿದ್ದಾಗಿತ್ತು.

"ಚಿನ್ನದಂಥ ಓಟ ಬ್ಯಾಬ್. ಎಲ್ಲಿ, ನಿನ್ನದು ಕೊಡು."

"ಯಾವುದು?"

ಡೆರೆಕ್ ಮೂರು ಬಿಲ್ಲೆ ತೋರಿಸಿದರು. ಭಾವನಾ ತನ್ನ ಖಾಲಿ ಅಂಗೈ ನೋಡಿಕೊಂಡಳು. "ಅದು ನನಗೆ ಕೊಟ್ಟಿದ್ದು ಅಂದ್ಕೊಂಡೆ. ಅಜ್ಜಿಗೆ ಕೊಟ್ಟೆ. ಅಜ್ಜಿ ದೇವಸ್ಥಾನಕ್ಕೆ ತಗೊಂಡು ಹೋದ್ರು."

ಡೆರೆಕ್ ರೆಫರಿಯ ಮೇಜಿಗೆ ಹೋದರು, ಹಿಂದೆಯೇ ಹುಡುಗಿಯರು. ರೆಫರಿ ಕನ್ನಡಕದ ಹೆಂಗಸು, ಮಾತು ಮೃದು, ನಿಯಮ ಗಟ್ಟಿ. ಹೆಂಗಸರ ಓಟ ಆಗಲೇ ಶುರುವಾಗಿತ್ತು. "ಆ ಓಟದ ಮೊದಲಿಗಳು ಈ ಗೆರೆ ದಾಟಿದ ಮೇಲೆ ಮಕ್ಕಳ ಕವರು ತೆಗೆದುಕೊಳ್ಳುವ ಹಾಗಿಲ್ಲ," ಅಂದರು. "ಅಲ್ಲಿಯವರೆಗೆ ಕಾಯ್ತೀನಿ. ಆಮೇಲೆ ಆಗಲ್ಲ ಡೆರೆಕ್. ನಿಮಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು."

ಓಡುವ ಬಟ್ಟೆಯಲ್ಲೇ ಇದ್ದ ಪ್ರಭಾಕರ ಹೆಂಡತಿಗೆ ಫೋನ್ ಮಾಡಿದ. ವಸುಂಧರಾಳ ಫೋನು ಡೇರೆಯೊಳಗೆ, ಪುಳಿಯೋಗರೆ ಡಬ್ಬಿಯ ಪಕ್ಕದ ಚೀಲದಲ್ಲಿ, ಸುಪ್ರಭಾತ ಹಾಡತೊಡಗಿತು.

"ನಾನು ಹೋಗ್ತೀನಿ," ಅಂದಳು ರೋಸಿ. "ಕಾರು ಯಾವ ಬಣ್ಣ ಹೇಳು. ನನ್ನಷ್ಟು ಬೇಗ ಯಾರೂ ಹೋಗಲಾರರು."

ಅದು ನಿಜ. ಆದರೆ ಭಾವನಾ ತಲೆಯಾಡಿಸಿದಳು. "ನಿನಗೆ ಅವರು ಕೊಡಲ್ಲ. ಅಜ್ಜಿ ಅದನ್ನ ದೇವರಿಗೆ ಅಂದಿದಾರೆ. ನಾನೇ ಕೇಳ್ಬೇಕು."

ಪ್ರಭಾಕರ ಫೋನು ಕೆಳಗಿಟ್ಟು ತಿರುಗುವಷ್ಟರಲ್ಲಿ ಅವಳು ಹೊರಟಾಗಿತ್ತು.

ಆಗಷ್ಟೇ ಮುಗಿಸಿದ ಕಾಲುಗಳು ಅವಳವಲ್ಲವೆಂಬಂತೆ ಇದ್ದವು. ಅಡ್ಡದಾರಿಯೆಂದರೆ ದಿಣ್ಣೆ ಹತ್ತಿ ಇಳಿಯುವುದು. ಅದೇ ದಿಣ್ಣೆ, ಮೂರನೆಯ ಸಲ. ದಿಣ್ಣೆಯ ಬುಡದಲ್ಲಿ ಹೆಂಗಸರ ಓಟದ ದಾರಿಯನ್ನು ದಾಟಬೇಕಿತ್ತು. ಕಾವಲಿಗೆ ನಿಂತವರು ಕೈ ಅಡ್ಡ ಹಿಡಿದರು. ಹೆಂಗಸರ ದಂಡು ಮೊದಲ ಸುತ್ತಿನಲ್ಲಿ ಕೆಸರು ಹಾರಿಸುತ್ತ ಹಾದುಹೋಗುತ್ತಿತ್ತು. ಅದರ ನಡುವೆ ಹರಿಪ್ರಿಯಾ ಇದ್ದಳು, ಧಾರವಾಡದ ಹುಡುಗಿ. ಸೆಲ್ಲಿ ಓಕ್‌ನಲ್ಲಿ ಇದ್ದುಕೊಂಡು ಎಂ.ಎಸ್ಸಿ. ಓದುತ್ತಿದ್ದವಳು, ಕ್ಲಬ್ಬಿಗೆ ಸೇರಿದ ಮೇಲೆ ಶನಿವಾರದ ಊಟಕ್ಕೆ ಪ್ರಭಾಕರನ ಮನೆಯವಳೇ ಆಗಿದ್ದಳು.

"ಏ ಹುಡುಗಿ, ನಿನ್ನ ಓಟ ಮುಗೀತಲ್ಲ," ಅಂದಳು ಹರಿಪ್ರಿಯಾ ಓಡುತ್ತಲೇ. "ಮತ್ತ್ಯಾಕ ಓಡಾಕತ್ತಿ?"

"ಮುಗಿದಿಲ್ಲ," ಅಂದಳು ಭಾವನಾ. ದಾರಿ ತೆರವಾದೊಡನೆ ದಾಟಿ ಹತ್ತತೊಡಗಿದಳು.

ದಿಣ್ಣೆಯ ನೆತ್ತಿಯಿಂದ ಕೆಳಗೆ ನೋಡಿದರೆ ದೇವರು ಕಣ್ಣು ಬಿಟ್ಟಿದ್ದ. ಇವರ ಕಾರು ಹುಲ್ಲುಗಾವಲಿನ ಬಾಗಿಲ ಹತ್ತಿರ ಕೆಸರಲ್ಲಿ ಹೂತು ನಿಂತಿತ್ತು. ವಸುಂಧರಾ ಸ್ಟೀರಿಂಗ್ ಹಿಡಿದು ಕೂತಿದ್ದಳು, ಯಾರೋ ಇಬ್ಬರು ಗಂಡಸರು ಹಿಂದಿನಿಂದ ತಳ್ಳುತ್ತಿದ್ದರು, ಗಾಲಿ ತಿರುಗಿದಷ್ಟೂ ಅವರ ಎದೆಯ ಮೇಲೆ ಕೆಸರು ಬೀಳುತ್ತಿತ್ತು. ಸೀತಾಲಕ್ಷ್ಮಮ್ಮ ಪಕ್ಕದಲ್ಲಿ ನಿಂತು ಅವರಿಗೆ ಒಂದೊಂದು ಸಲಕ್ಕೂ 'ಥ್ಯಾಂಕ್ಯೂ' ಹೇಳುತ್ತಿದ್ದರು.

"ಅಜ್ಜಿ, ಬಿಲ್ಲೆ," ಅಂದಳು ಭಾವನಾ. ಉಸಿರು ಸಿಕ್ಕುತ್ತಿರಲಿಲ್ಲ. "ವಾಪಸ್ ಬೇಕು."

ಅಜ್ಜಿಯ ಕೈ ತಾನಾಗಿ ಸೆರಗಿನ ಗಂಟಿನ ಮೇಲೆ ಹೋಯಿತು. "ವಾಪಸಾ? ಗಂಟು ಹಾಕಿದ್ದಾಯ್ತಲ್ಲ ಕೂಸೇ. ದೇವರಿಗೆ ಅಂತ ಬಾಯಲ್ಲಿ ಆಡಿದ ಮೇಲೆ ಮುಗೀತು. ನಿಂಗೆ ಬೇರೆ ಏನು ಬೇಕು ಹೇಳು."

"ಇಲ್ಲ ಅಜ್ಜಿ, ಅದನ್ನ ಡೆರೆಕ್ ಹತ್ರ ಕೊಡ್ಬೇಕು. ಕೊಡ್ದೆ ಇದ್ರೆ ನಾನು ಓಡೇ ಇಲ್ಲ ಅಂತ."

"ಓಡಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ. ಅವರಿಗೇನು ಕಣ್ಣಿಲ್ವಾ?"

ಭಾವನಾ ಅಳುವ ಹಾಗಾದಳು. ಇಂಗ್ಲಿಷಿನಲ್ಲಿ ಹೇಳಬಹುದಾದ್ದೆಲ್ಲ ಬಾಯಿಗೆ ಬಂದು ನಿಂತಿತು. ಅದು ಇಲ್ಲಿ ಉಪಯೋಗವಿಲ್ಲ. ತನಗೆ ಗೊತ್ತಿದ್ದ ಕನ್ನಡವನ್ನೆಲ್ಲ ಒಂದುಗೂಡಿಸಿಕೊಂಡು ಅವಳು ಹೇಳಿದಳು: "ಅಜ್ಜಿ, ಅದು ನಂದಲ್ಲ. ನಾಲ್ಕ್ ಜನದ್ದು. ನಾನು ಕೊಟ್ಟಿದ್ದೇ ತಪ್ಪು. ನಂದಲ್ದೆ ಇರೋದು ಕೊಟ್ಟೆ."

ಆ ಮಾತಿಗೆ ಸೀತಾಲಕ್ಷ್ಮಮ್ಮನವರಿಗೆ ಊರಿನ ಕಣ ನೆನಪಾಯಿತು.

ಅವರ ಮಾವನವರ ಕಾಲದಲ್ಲಿ ನಾಲ್ಕು ಜನ ಅಣ್ಣತಮ್ಮಂದಿರಿಗೆ ಒಂದೇ ಕಣವಿತ್ತು. ಎಲ್ಲರ ತೆನೆಯೂ ಅಲ್ಲೇ ಬಡಿದು, ತೂರಿ, ಒಂದೇ ರಾಶಿಯಾಗುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ವರ್ಷ, ರಾಶಿಯ ಪೂಜೆಯಾದ ಕೂಡಲೇ, ಭಕ್ತಿಯಿಂದಲೇ, ಸೀತಾಲಕ್ಷ್ಮಮ್ಮ ಒಂದು ಮೊರ ರಾಗಿ ಮೀಸಲಿಗೆ ತುಂಬಿಕೊಂಡಿದ್ದರು. ಕೊನೆಯ ಚಿಕ್ಕಮಾವ ಇನ್ನೂ ಹೊಲದಿಂದ ಬಂದಿರಲಿಲ್ಲ. ಮಾವ ಗದರಲಿಲ್ಲ. ಮೊರವನ್ನು ಅವರ ಕೈಯಿಂದ ತೆಗೆದುಕೊಂಡು ಮೆಲ್ಲಗೆ ರಾಶಿಗೆ ಸುರಿದರು. ಪಾಲುಗಾರರೆಲ್ಲ ಬರದೆ ರಾಶಿಗೆ ಕೈ ಹಾಕಬಾರದಮ್ಮ, ಅಂದರು. ದೇವರ ಹೆಸರು ಹೇಳಿಕೊಂಡೂ ಹಾಕಬಾರದು. ಹಂಚಿದ ಮೇಲೆ ನಿನ್ನ ಪಾಲಿನಿಂದ ಕೊಡು, ಅದು ಅವನಿಗೆ ಮುಟ್ಟುತ್ತೆ. ಅದಕ್ಕೂ ಮುಂಚೆ ಕೊಟ್ಟರೆ ಅವನು ಮುಖ ತಿರುಗಿಸ್ತಾನೆ.

"ಆ ಮೂರು ಹುಡುಗೀರು ಕಾಯ್ತಿದಾರಾ?" ಅಜ್ಜಿ ಕೇಳಿದರು.

"ಕಾಯ್ತಿದಾರೆ."

"ಹಾಗಾದ್ರೆ ಇದು ಇನ್ನೂ ಕಣದಲ್ಲಿದೆ," ಅಂದರು ಅಜ್ಜಿ. "ಮೊದಲೇ ಹೇಳಬಾರದಾ ಪೆದ್ದೀ." ಅಲ್ಲಿಯೇ ಗಂಟಿಗೆ ಕೈ ಹಾಕಿದರು.

ಗಂಟು ಬಿಚ್ಚಲಿಲ್ಲ. ಸೆರಗಿನ ತುದಿ ಹುಲ್ಲಿಗೆ ತಾಗಿ ಒದ್ದೆಯಾಗಿತ್ತು, ಬೆರಳುಗಳು ಚಳಿಗೆ ಮರಗಟ್ಟಿದ್ದವು. ಭಾವನಾ ಪ್ರಯತ್ನಿಸಿದಳು, ಅವಳ ಬೆರಳುಗಳಿಗೂ ಬಲವಿರಲಿಲ್ಲ. ವಸುಂಧರಾ ಕಾರಿನಿಂದಿಳಿದು, "ಅತ್ತೆ, ಕತ್ತರಿ ಇದೆ, ಕತ್ತರಿಸಿಬಿಡ್ಲಾ," ಅಂದಳು.

"ಸೀರೆಗೆ ಕತ್ತರಿ ಹಾಕ್ತೀಯಾ? ಸರಿ ಆ ಕಡೆ." ಸೀತಾಲಕ್ಷ್ಮಮ್ಮ ಗಂಟನ್ನು ಬಾಯಿಗೆ ಒಯ್ದು, ಉಳಿದ ಗಟ್ಟಿ ಹಲ್ಲುಗಳ ಕಡೆಗೆ ತಿರುಗಿಸಿ, ಕಚ್ಚಿ ಎಳೆದರು. ಕಾರು ತಳ್ಳುತ್ತಿದ್ದ ಇಬ್ಬರೂ ಕೈಬಿಟ್ಟು ನೋಡುತ್ತ ನಿಂತರು. ಒಂದು ಸುತ್ತು ಸಡಿಲವಾಯಿತು. ಇನ್ನೊಂದು. ಕೆಂಪು ಬಿಲ್ಲೆ ಭಾವನಾಳ ಅಂಗೈಗೆ ಬಿತ್ತು.

"ಹೋಗು. ಹಿಂತಿರುಗಿ ನೋಡಬೇಡ."

ದಿಣ್ಣೆಯನ್ನು ನಾಲ್ಕನೆಯ ಸಲ ಹತ್ತಿದ್ದು ಭಾವನಾಗೆ ಆಮೇಲೆ ನೆನಪಿರಲಿಲ್ಲ. ನೆನಪಿದ್ದುದು ನೆತ್ತಿಯಿಂದ ಕಂಡದ್ದು. ಹೆಂಗಸರ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ ಉದ್ದ ಕಾಲಿನ ಹಳದಿ ಬನಿಯನ್ನಿನವಳು ಪಾರ್ಕಿನ ಆಚೆ ಬದಿಯ ಕೆರೆಯನ್ನು ಬಳಸಿ ಬಂದು ಕೊನೆಯ ನೇರ ದಾರಿಗೆ ತಿರುಗುತ್ತಿದ್ದಳು. ಭಾವನಾ ಇಳಿಜಾರಿನಲ್ಲಿ ಬಿದ್ದಳು, ಎದ್ದಳು, ಬಿಲ್ಲೆ ಇದೆಯೇ ಎಂದು ಮುಷ್ಟಿ ನೋಡಿಕೊಂಡಳು. ಕೆಳಗೆ ಬರುವಷ್ಟರಲ್ಲಿ ಹಗ್ಗದ ಒಳಗೆ ಹಳದಿ ಬನಿಯನ್ನು, ಹಗ್ಗದ ಹೊರಗೆ ಇವಳು. ಇಬ್ಬರೂ ಒಂದೇ ಕಡೆಗೆ. ಹಗ್ಗದ ಬದಿಯಲ್ಲಿ ನಿಂತ ಜನಕ್ಕೆ ಏನೆಂದು ಗೊತ್ತಿರಲಿಲ್ಲ. ತಲೆಯಿಂದ ಕಾಲಿನವರೆಗೆ ಕೆಸರಾದ ಒಂದು ಚಿಕ್ಕ ಹುಡುಗಿ ಮುಷ್ಟಿ ಎತ್ತಿ ಹಿಡಿದು ಓಡಿ ಬರುವುದನ್ನು ನೋಡಿ ಅವರು ತಾವಾಗಿ ಹಿಂದೆ ಸರಿದು ದಾರಿ ಬಿಟ್ಟರು. ಮೊದಲು ಕೂಗಿದವಳು ರೋಸಿ. ಆಮೇಲೆ ಕೋಲ್ಡ್‌ವೆಲ್‌ನವರು. ಆಮೇಲೆ, ಯಾಕೆ ಎಂದು ತಿಳಿಯದೆಯೇ, ಉಳಿದವರೂ.

ರೆಫರಿಯ ಮೇಜಿನ ಮೇಲೆ ಬಿಲ್ಲೆ ಟಕ್ ಎಂದು ಬಿದ್ದಾಗ ಹಳದಿ ಬನಿಯನ್ನಿನವಳು ಗೆರೆಗೆ ಇನ್ನೂ ಹತ್ತು ಹೆಜ್ಜೆ ದೂರದಲ್ಲಿದ್ದಳು.

ಡೆರೆಕ್ ಬಿಲ್ಲೆಯನ್ನು ಉಳಿದ ಮೂರರ ಜೊತೆ ಕವರಿಗೆ ಹಾಕಿ ಮುಂದೆ ಮಾಡಿದರು. ರೆಫರಿ ಅದನ್ನು ತೆಗೆದುಕೊಂಡು, ಆಗಷ್ಟೇ ಗೆರೆ ದಾಟುತ್ತಿದ್ದವಳ ಕಡೆ ಒಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು, "ಸರಿಯಾಗಿದೆ," ಅಂದರು. ಅಷ್ಟೇ ಅಂದರು.

ಹೆಂಗಸರ ಓಟ ಪೂರ್ತಿ ಮುಗಿದು ಗಂಡಸರು ಗೆರೆಯ ಮೇಲೆ ಸಾಲುಗಟ್ಟುವ ಹೊತ್ತಿಗೆ ಮೈಕು ಹುಡುಗಿಯರ ಫಲಿತಾಂಶ ಓದಿತು. ಕೋಲ್ಡ್‌ವೆಲ್‌ಗೆ ಐದನೆಯ ಸ್ಥಾನ. ನಾಲ್ಕು ಹೆಸರುಗಳನ್ನೂ ಓದಿದರು. ಕೊನೆಯ ಹೆಸರಿನಲ್ಲಿ ಎಡವಿ ಏನೋ ಒಂದು ಅಂದರು; ಮೂವರು ಹುಡುಗಿಯರು ಮೈಕಿನ ಕಡೆ ತಿರುಗಿ ಸರಿಯಾದ ಹೆಸರನ್ನು ಕೂಗಿ ಹೇಳಿದರು; ಮೈಕಿನವರು ಕ್ಷಮೆ ಕೇಳಿ, "ಭಾವನಾ ಪ್ರಭಾಕರ್," ಎಂದು ಎರಡನೆಯ ಸಲ ನಿಧಾನವಾಗಿ ಓದಿದರು. ಡೆರೆಕ್ ಡೇರೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಐದನೆಯ ಸ್ಥಾನಕ್ಕೆ ಕಪ್ಪಿಲ್ಲ, ಪದಕವಿಲ್ಲ. ಇಡೀ ಮೈದಾನದಲ್ಲಿ ಅವರಷ್ಟು ಗೆದ್ದವರು ಆ ದಿನ ಯಾರೂ ಇರಲಿಲ್ಲ.

ಕಾರು ಕೆಸರಿನಿಂದ ಎದ್ದಿತ್ತು. ಆದರೆ ಸೀತಾಲಕ್ಷ್ಮಮ್ಮ ಗುಡಿಗೆ ಹೋಗಲು ಒಪ್ಪಲಿಲ್ಲ. "ತಿಮ್ಮಪ್ಪ ಏಳು ಬೆಟ್ಟ ಬಿಟ್ಟು ಎಲ್ಲಿಗೂ ಹೋಗಲ್ಲ," ಅಂದು ಸೊಸೆಯನ್ನು ಕರೆದುಕೊಂಡು ಹಗ್ಗದ ಹತ್ತಿರಕ್ಕೇ ಬಂದರು. ಕಾರು ತಳ್ಳಿದ ಇಬ್ಬರಿಗೂ ಪುಳಿಯೋಗರೆ ಹಾಕಿಕೊಡಿಸಿ, ಭಾವನಾಳನ್ನು ಪಕ್ಕಕ್ಕೆ ಎಳೆದುಕೊಂಡು ಕೇಳಿದರು. "ಗಂಡಸರಿಗೂ ನಾಲ್ಕೇನಾ?"

"ಅವರಿಗೆ ಆರು ಅಜ್ಜಿ."

"ಸರಿ. ಎಣಿಸು ನನ್ನ ಜೊತೆ."

ಎರಡು ನೂರು ಗಂಡಸರು ನೆಲ ನಡುಗಿಸಿಕೊಂಡು ಹೋದರು. ಅವರು ಮರಳಿ ಬರತೊಡಗಿದಾಗ ಸೀತಾಲಕ್ಷ್ಮಮ್ಮ ಮೊದಲು ಬಂದವನ ಕಡೆ ನೋಡಲೂ ಇಲ್ಲ. ಕೋಲ್ಡ್‌ವೆಲ್ಲಿನ ಹಸಿರು ಬನಿಯನ್ನು ಮಾತ್ರ ಎಣಿಸಿದರು. ಒಂದು, ಎರಡು, ಮೂರು. ನಾಲ್ಕು ಬಂತು. ಬಹಳ ಹೊತ್ತಿನ ಮೇಲೆ ಐದು. ಆಮೇಲೆ ಕೊನೆಯ ನೇರ ದಾರಿಗೆ ಹಸಿರು ಬನಿಯನ್ನಿನವರೇ ಇಬ್ಬರು ಒಟ್ಟಿಗೆ ತಿರುಗಿದರು: ಗಡ್ಡದ ದಪ್ಪ ಮನುಷ್ಯನೊಬ್ಬ, ಅವನ ಹಿಂದೆ ಪ್ರಭಾಕರ. ಗಡ್ಡದವನ ಕಾಲು ಸೋತಿತ್ತು, ಮುಖ ಬೀಟ್‌ರೂಟಿನ ಹಾಗಾಗಿತ್ತು. ಸೀತಾಲಕ್ಷ್ಮಮ್ಮ ಹಗ್ಗ ಹಿಡಿದುಕೊಂಡು, ಊರಲ್ಲಿ ಹೊಲದ ಆಚೆ ತುದಿಯಲ್ಲಿದ್ದವರನ್ನು ಊಟಕ್ಕೆ ಕರೆಯುತ್ತಿದ್ದ ಗಂಟಲಿನಲ್ಲಿ, "ಬಾಪ್ಪಾ, ಬಾ, ಬಾ, ಬಿಡಬೇಡ," ಎಂದು ಕೂಗಿದರು. ಅರ್ಥವಾಗದಿದ್ದರೂ ಗಡ್ಡದವನು ತಲೆ ಎತ್ತಿದ. ಎತ್ತಿದವನು ಓಡಿಯೇ ಬಿಟ್ಟ.

ಪ್ರಭಾಕರ ಏಳನೆಯವನಾಗಿ ಬಂದ. ಬಿಲ್ಲೆಯನ್ನು ಡೆರೆಕ್ ಅವರ ಕೈಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನಿಂತು, ಉಸಿರು ಬಂದ ಮೇಲೆ ತಾಯಿಯ ಕಡೆ ನೋಡಿದ.

"ಅಮ್ಮ, ನಾನು ಪಕ್ಕದಲ್ಲೇ ಓಡ್ತಿದ್ದೆ. ನನ್ನ ಹೆಸರು ಒಂದ್ಸಲ ಕೂಗಲಿಲ್ಲ ನೀನು. ಆ ಮನುಷ್ಯನಿಗೆ ಕೂಗಿದೆ."

"ಅವನು ಆರನೆಯವನು ಕಣೋ. ನೀನು ಇವತ್ತು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಹರಿಪ್ರಿಯಾ ಕುಡಿಯುತ್ತಿದ್ದ ಟೀಯನ್ನು ಮೂಗಿಗೆ ತಂದುಕೊಂಡಳು. ವಸುಂಧರಾ ಗಂಡನ ಹೆಗಲಿಗೆ ಕೋಟು ಹಾಕುತ್ತ, "ಅತ್ತೆ ಹೇಳಿದ್ದು ಸರಿಯಾಗೇ ಇದೆ," ಅಂದಳು.

"ಹಾಗಲ್ಲ ಅಮ್ಮ. ನಾನು ಬೇರೆ ಟೀಮಿನ ಆರನೆಯವರನ್ನ ದಾಟಿ ಬಂದಿದೀನಿ. ನಾನು ಮುಂದೆ ಬಂದಷ್ಟೂ ಅವರ ಅಂಕ ಜಾಸ್ತಿಯಾಗಿ ಅವರ ಟೀಮು ಹಿಂದೆ ಬೀಳುತ್ತೆ. ಕೇಳು ಬೇಕಾದ್ರೆ ನಿನ್ನ ಮೊಮ್ಮಗಳನ್ನ."

"ಹೌದು ಅಜ್ಜಿ. ಅಪ್ಪ ಕೌಂಟ್ ಆಗಲ್ಲ, ಆದ್ರೆ ಅವರನ್ನ ಪುಶ್ ಮಾಡಿದಾರೆ."

ಸೀತಾಲಕ್ಷ್ಮಮ್ಮ ಯೋಚಿಸಿದರು. "ಲೆಕ್ಕಕ್ಕಿಲ್ಲದೋನೂ ಲೆಕ್ಕದೊಳಗಿದಾನೆ ಅನ್ನು. ಚೆನ್ನಾಗಿದೆ ಇದು." ಮಗನ ಬೆನ್ನಿನ ಕೆಸರನ್ನು ಅಂಗೈಯಿಂದ ಒರೆಸಿದರು. "ಹೋಗು, ತಟ್ಟೆ ಹಿಡಿ. ನಿನಗೆ ಸ್ವಲ್ಪವೇ. ಸಕ್ಕರೆ."

ಡೇರೆಯಲ್ಲಿ ಡಬ್ಬಿಯನ್ನು ಮತ್ತೆ ತೆರೆದರು. ಗಡ್ಡದವನು ಎರಡು ಸಲ ಹಾಕಿಸಿಕೊಂಡು ಅಜ್ಜಿಗೆ ಕೈ ಮುಗಿದ. ಡೆರೆಕ್ ಖಾರಕ್ಕೆ ಕೆಮ್ಮಿ, ಟೀ ಕುಡಿದು, ಮತ್ತೆ ತಟ್ಟೆ ಚಾಚಿದರು. ಹೊರಗೆ ಬೆಳಕು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಕೆಲವು ಕ್ಲಬ್ಬಿನವರು ಡೇರೆ ಕಳಚತೊಡಗಿದ್ದರು.

"ಭಾವನಾ ಎಲ್ಲಿ?" ಅಂದರು ಸೀತಾಲಕ್ಷ್ಮಮ್ಮ. "ಬೆಳಗಿಂದ ಹೊಟ್ಟೆಗೆ ಏನೂ ಇಲ್ಲ ಮಗೂಗೆ."

ಅವಳು ಇನ್ನೂ ಹಗ್ಗದ ಬಳಿಯಲ್ಲೇ ಇದ್ದಳು, ನಾಲ್ವರೂ ಇದ್ದರು, ಒಂದೇ ದೊಡ್ಡ ಕೋಟನ್ನು ಹೆಗಲಿಂದ ಹೆಗಲಿಗೆ ಹಂಚಿಕೊಂಡು. ದಿಣ್ಣೆಯ ಮೇಲೆ ಯಾವುದೋ ಕ್ಲಬ್ಬಿನ ಬಿಳಿಗೂದಲಿನವರೊಬ್ಬರು ಒಬ್ಬರೇ ನಡೆಯುತ್ತ, ಓಡುತ್ತ, ನಡೆಯುತ್ತ ಬರುತ್ತಿದ್ದರು.

"ಬಾರೇ ಒಳಗೆ, ತಣ್ಣಗಾಗುತ್ತೆ," ಎಂದು ಅಜ್ಜಿ ಕರೆದರು.

"ಬಂದೆ ಅಜ್ಜಿ. ಇನ್ನೊಬ್ರು ಇದಾರೆ," ಅಂದಳು ಭಾವನಾ, ತಿರುಗಿ ನೋಡದೆ.